ಕ್ಲೆಟ್ ಮೂಲೆಯ ಅರವತ್ತೆರಡು ಹೆಜ್ಜೆ

ಬೆಳಗಿನ ನಾಲ್ಕೂವರೆ. ಜುಲೈ ತಿಂಗಳಲ್ಲಿ ಸ್ಕೆರ್ವೇ ದ್ವೀಪದಲ್ಲಿ ಆ ಹೊತ್ತಿಗೆ ಬೆಳಕು ಹರಿದು ಎಷ್ಟೋ ಸಮಯವಾಗಿರುತ್ತದೆ. ನಡುವೆ ಕತ್ತಲು ಬಂದಿತ್ತೆಂದು ಆಣೆ ಮಾಡಿ ಹೇಳುವವರು ಸಿಗುವುದಿಲ್ಲ. ಕಡಲು ಇಳಿಯುತ್ತಿದೆ. ಬಂಡೆಗಳ ಮೇಲೆ ಮಲಗಿದ್ದ ಕುರಿಗಳು ಗಡಿಯಾರ ನೋಡಿಕೊಂಡವರ ಹಾಗೆ ಒಂದರ ಹಿಂದೊಂದು ಎದ್ದು, ಕಡಲಪಾಚಿ ಮೇಯಲು ನೀರಿನತ್ತ ಹೊರಟಿವೆ. ಗೋಡೆಯ ಈಚೆ ಬದಿಯಲ್ಲಿ ಮೈಮಾ ಡ್ರೆವರ್ ಮೊಣಕಾಲೂರಿ ಕೂತು, ಚಪ್ಪಟೆ ಕಲ್ಲೊಂದನ್ನು ಎದೆಗವಚಿಕೊಂಡು, ಅದರ ಮುಖ ಯಾವುದು, ಬೆನ್ನು ಯಾವುದು ಎಂದು ತಿರುಗಿಸಿ ನೋಡುತ್ತಿದ್ದಾರೆ.

"ಒಂದ್ಸಲ ಎತ್ಕೊಂಡ ಕಲ್ಲನ್ನ ಕೆಳಗಿಡಬಾರದು," ಎನ್ನುತ್ತಾರೆ. "ಎಲ್ಲಾದ್ರೂ ಒಂದು ಕಡೆ ಕೂರಿಸ್ಲೇಬೇಕು. ವಾಪಸ್ ಇಟ್ರೆ ಕಲ್ಲಿಗೆ ಅವಮಾನ, ನನ್ನ ಸೊಂಟಕ್ಕೆ ದಂಡ."

ಮೈಮಾಗೆ ಅರವತ್ತೊಂಬತ್ತು. ಕುಳ್ಳಗಿನ ಗಟ್ಟಿ ಆಳು. ಎಡಗೈಯ ಕಿರುಬೆರಳು ಒಮ್ಮೆ ಕಲ್ಲಿನಡಿ ಸಿಕ್ಕಿ ಸೊಟ್ಟಗಾಗಿದೆ; ಕಲ್ಲು ಕೀಲಿಸಲು ಆ ಸೊಟ್ಟವೇ ಅನುಕೂಲ ಎಂಬುದು ಅವರ ಅಂಬೋಣ. ದಿನಕ್ಕೆ ಒಂದು ಹೆಜ್ಜೆ ಉದ್ದದ ಗೋಡೆ ಕಟ್ಟುತ್ತಾರೆ. ಒಂದು ಹೆಜ್ಜೆಗೆ ಸುಮಾರು ಒಂದೂವರೆ ಟನ್ ಕಲ್ಲು. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿನ ಭಾರವೇ ಕಲ್ಲಿಗೆ ಅಂಟು. ಇದು ಅವರ ಒಂದೇ ಉದ್ಯೋಗವೆಂದು ತಿಳಿಯಬಾರದು. ವಾರಕ್ಕೆರಡು ದಿನ ಅಂಚೆ ಹಂಚುತ್ತಾರೆ. ವಿಮಾನ ಬರುವ ದಿನ ಅಗ್ನಿಶಾಮಕ ದಳದ ಕೆಂಪು ಕೋಟು ತೊಟ್ಟು ಓಡುದಾರಿಯ ಪಕ್ಕ ನಿಂತಿರುತ್ತಾರೆ. ಎಂಟು ಸೀಟಿನ ಆ ವಿಮಾನ ಕ್ಷೇಮವಾಗಿ ಇಳಿದ ಮೇಲೆ ಕೋಟು ಕಳಚಿ ಮತ್ತೆ ಕಲ್ಲಿಗೆ ಬರುತ್ತಾರೆ. ಐವತ್ತೆಂಟು ಜನರ ಊರಿನಲ್ಲಿ ಒಬ್ಬೊಬ್ಬರೂ ಮೂರು ಜನವಾಗದಿದ್ದರೆ ಊರು ನಡೆಯುವುದಿಲ್ಲ. ಮೊಣಕಾಲು ಕೈಕೊಟ್ಟಿರುವ ಗಂಡ ಡೇವಿ ಮನೆಯಲ್ಲಿ ಬಾರ್ಲಿ ರೊಟ್ಟಿ ಬೇಯಿಸುತ್ತಾನೆ. ಹಾಳು ಮಾಡುವುದು ಅಪರೂಪ.

ಆರ್ಕ್ನಿ ದ್ವೀಪಗಳ ಸಾಲಿನಲ್ಲಿ ಉತ್ತರಕ್ಕೆ ಕೊನೆಯದು ಸ್ಕೆರ್ವೇ. ಇದರಾಚೆ ಕಡಲು, ಕಡಲಿನಾಚೆ ಮತ್ತೂ ಕಡಲು. ಬೇರೆ ಊರುಗಳಲ್ಲಿ ಕುರಿ ಹೊರಗೆ ಹೋಗದಿರಲೆಂದು ಗೋಡೆ ಕಟ್ಟಿದರೆ, ಇಲ್ಲಿ ಒಳಗೆ ಬಾರದಿರಲೆಂದು ದ್ವೀಪದ ಸುತ್ತ ಹನ್ನೊಂದು ಕಿಲೋಮೀಟರ್ ಉದ್ದಕ್ಕೆ ಕಟ್ಟಿದ್ದಾರೆ. ನೂರ ತೊಂಬತ್ತು ವರ್ಷಗಳ ಹಿಂದಿನ ಧಣಿಗೆ ದನ ಸಾಕುವ ಹುಚ್ಚು ಹತ್ತಿ, ಹುಲ್ಲೆಲ್ಲ ದನಕ್ಕೆ ಮೀಸಲೆಂದು ಕುರಿಗಳನ್ನು ದಂಡೆಗೆ ಅಟ್ಟಿದ. ಧಣಿಯ ವಂಶ ಕಂತಿತು. ಅವನ ಬಂಗಲೆ ಈಗ ಹಕ್ಕಿ ನೋಡಲು ಬರುವವರ ತಂಗುಮನೆ. ಅಟ್ಟಿಸಿಕೊಂಡ ಕುರಿಗಳು ಮಾತ್ರ ಪಾಚಿ ತಿಂದು ಕೊಬ್ಬಿ, ತಲೆಮಾರುಗಳು ಕಳೆದಂತೆ ಹುಲ್ಲನ್ನೇ ಮರೆತಿವೆ. ಮರಿ ಹಾಕುವ ತಾಯಿಕುರಿಗಳನ್ನು ಬೇಸಿಗೆಯಲ್ಲಿ ಮೂರು ತಿಂಗಳು ಒಳಗೆ ತರುತ್ತಾರೆ. ಅಷ್ಟನ್ನು ಅವು ತಾಳಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚು ದಿನ ಹುಲ್ಲು ಮೇದರೆ, ಹುಲ್ಲಿನಲ್ಲಿರುವ ತಾಮ್ರವೇ ವಿಷವಾಗಿ ಸಾಯುತ್ತವೆ. ಹೀಗಾಗಿ ದನಕ್ಕಾಗಿ ಎದ್ದ ಗೋಡೆ ಈಗ ಕುರಿಯ ಜೀವ ಕಾಯುತ್ತಿದೆ.

ಗೋಡೆಯ ಕಲ್ಲುಗಳಲ್ಲಿ ಕೆಲವು ಎರಡು ಸಾವಿರ ವರ್ಷದ ಪಾಳು ಗೋಪುರದಿಂದ ಕಿತ್ತು ತಂದವು. ಕೆಲವು ಒಡೆದ ಹಡಗುಗಳ ಹೊಟ್ಟೆಯಲ್ಲಿ ಭಾರಕ್ಕೆಂದು ತುಂಬಿದ್ದವು. ಒಂದು ಕೆಂಪು ಕಲ್ಲನ್ನು ಮೈಮಾ ತಟ್ಟಿ ತೋರಿಸುತ್ತಾರೆ. "ಇದು ನಾರ್ವೆದು. ಯಾರೂ ಕರೀಲಿಲ್ಲ, ತಾನೇ ಬಂತು. ಈಗ ಇಡೀ ಮೂಲೆ ಇದರ ಮೇಲೇ ನಿಂತಿದೆ. ನನ್ನ ಹಾಗೇ ಅಂದ್ಕೊಳಿ." ಮೈಮಾ ಕೂಡ ಪಕ್ಕದ ದ್ವೀಪದಿಂದ ಇಪ್ಪತ್ತೈದನೇ ವಯಸ್ಸಿಗೆ ಮದುವೆಯಾಗಿ ಬಂದವರು. ನಲವತ್ತನಾಲ್ಕು ವರ್ಷವಾಯಿತು. ಊರವರ ಲೆಕ್ಕದಲ್ಲಿ ಇನ್ನೂ 'ಹೊಸ ಸೊಸೆ'.

ಕಳೆದ ಜನವರಿಯ ಬಿರುಗಾಳಿಗೆ ಉತ್ತರದ ತುದಿಯ ಕ್ಲೆಟ್ ಮೂಲೆಯಲ್ಲಿ ಅರವತ್ತೆರಡು ಹೆಜ್ಜೆ ಗೋಡೆ ಮಲಗಿತು. ಪದ್ಧತಿಯ ಪ್ರಕಾರ ಕುರಿ ಸಾಕುವ ಪ್ರತಿ ಮನೆಗೂ ಗೋಡೆಯಲ್ಲಿ ಇಂತಿಷ್ಟು ಪಾಲು. ಬಿದ್ದರೆ ಆ ಮನೆಯವರೇ ಎತ್ತಬೇಕು. ಆದರೆ ಕ್ಲೆಟ್ ಮೂಲೆ ಯಾರ ಪಾಲಿನದೋ ಆ ಮನೆಗೆ ಬೀಗ ಬಿದ್ದು ಹನ್ನೆರಡು ವರ್ಷ. ಮಾರ್ಚ್‌ನಲ್ಲಿ ಕುರಿ ಪಂಚಾಯಿತಿ ಸೇರಿತು. ಅಧ್ಯಕ್ಷ ಮ್ಯಾನ್ಸಿ ಟಲ್ಲಕ್. ಎಪ್ಪತ್ತನಾಲ್ಕರ ಈತ ಮೈಮಾರ ನೆರೆಮನೆಯವನು, ಟ್ರ್ಯಾಕ್ಟರ್‌ನಿಂದ ಇಳಿದು ಮಾತಾಡಿದ್ದು ಕಡಿಮೆ. ಈ ಊರಲ್ಲಿ ಹೆಂಗಸಿಗೆ ನೂರಾದರೂ ಗಂಡಸರು 'ಹುಡುಗಿ' ಎಂದೇ ಕರೆಯುತ್ತಾರೆ.

"ಅಲ್ಲಿ ತಂತಿಬೇಲಿ ಹಾಕೋಣ," ಎಂದ ಮ್ಯಾನ್ಸಿ. "ಒಂದು ವಾರದ ಕೆಲಸ."

"ಮೂರು ಚಳಿಗಾಲಕ್ಕೆ ತುಕ್ಕು ಹಿಡಿಯತ್ತೆ," ಎಂದರು ಮೈಮಾ. "ಪಾಚಿ ಸಿಕ್ಕಿ ಜೋತಾಡತ್ತೆ. ಆಮೇಲೆ ಪಕ್ಕದ ಮನೆಯವರು, ಅವರಿಗೊಂದು ನ್ಯಾಯ ನಮಗೊಂದು ನ್ಯಾಯಾನಾ ಅಂತಾರೆ. ಹತ್ತು ವರ್ಷಕ್ಕೆ ಇಡೀ ದ್ವೀಪಕ್ಕೆ ತಂತಿ."

"ಮತ್ತೆ ಯಾರು ಕಟ್ತಾರೆ ಹುಡುಗೀ? ಅದು ಯಾರದ್ದೂ ಅಲ್ಲ."

"ಯಾರದ್ದೂ ಅಲ್ದಿದ್ರೆ ನಂದೇ."

ಪಂಚಾಯಿತಿ ಗಡುವು ಕೊಟ್ಟಿತು. ತಾಯಿಕುರಿಗಳನ್ನು ಮತ್ತೆ ದಂಡೆಗೆ ಬಿಡುವ ದಿನ ಆಗಸ್ಟ್ ಹತ್ತು. ಅಷ್ಟರೊಳಗೆ ಗೋಡೆ ಎದ್ದರೆ ಗೋಡೆ, ಇಲ್ಲವಾದರೆ ತಂತಿ. ಮ್ಯಾನ್ಸಿ ತಂತಿಯ ಸುರುಳಿಗಳನ್ನು ತರಿಸಿ, ದೋಣಿ ನಿಲ್ಲುವ ಧಕ್ಕೆಯ ಮೇಲೆ ಇಳಿಸಿಯೂ ಬಿಟ್ಟ. ಅಂಚೆ ತರಲು ಹೋದಾಗಲೆಲ್ಲ ಮೈಮಾ ಅವನ್ನು ಬಳಸಿಕೊಂಡು ಹೋಗುತ್ತಾರೆ, ಬೀದಿಯಲ್ಲಿ ಮಲಗಿದ ಕಚ್ಚುವ ನಾಯಿಯನ್ನು ಬಳಸಿಕೊಂಡು ಹೋದ ಹಾಗೆ.

ಮರಿ ಹಾಕುವ ಕಾಲ ಮುಗಿದ ಮೇಲೆ, ಮೇ ಕೊನೆಗೆ ಕೈ ಹಚ್ಚಿದ ಕೆಲಸ; ಜುಲೈ ಹನ್ನೆರಡಕ್ಕೆ ಮೂವತ್ತೆರಡು ಹೆಜ್ಜೆ ಎದ್ದಿದೆ, ಮೂವತ್ತು ಬಾಕಿ. ಬಾಕಿಯಿರುವ ಜಾಗಕ್ಕೆ ಅಡ್ಡಲಾಗಿ ಹಳೆಯ ಮೀನುಬಲೆ ಬಿಗಿದಿದೆ. ಉಳಿದಿರುವ ದಿನ ಇಪ್ಪತ್ತೊಂಬತ್ತು. ಕಷ್ಟ, ಆದರೂ ಕೈಲಾಗುವ ಲೆಕ್ಕವೇ. ತೊಡಕು ಬೇರೆ ಕಡೆಯಿಂದ ಬಂದಿದೆ: ಸಹಾಯ ಮಾಡುವವರಿಂದ.

ಬೇಸಿಗೆಯಲ್ಲಿ ಬುಧವಾರ, ಶನಿವಾರ ದೋಣಿ ಬರುತ್ತದೆ. ಒಂದೊಂದು ಸಲಕ್ಕೆ ಇಪ್ಪತ್ತು ಮೂವತ್ತು ಪ್ರವಾಸಿಗರು. ಸೀಲ್ ಪ್ರಾಣಿಗಳನ್ನು ನೋಡುತ್ತಾರೆ, ಗೋಪುರ ಹತ್ತುತ್ತಾರೆ, ಪಾಚಿ ತಿನ್ನುವ ಕುರಿಯ ಚಿತ್ರ ತೆಗೆಯುತ್ತಾರೆ. ಪ್ರವಾಸದ ಕರಪತ್ರ ಸ್ಕೆರ್ವೇಯನ್ನು 'ಜಗತ್ತಿನ ಅಂಚು' ಎಂದು ಕರೆದಿದೆ. ಅಂಚಿನಲ್ಲಿ ಇರುವವರಿಗೆ ಅದರಿಂದ ಬೇಸರವೇನಿಲ್ಲ. ಅಂಚಿಗೆ ಬಂದವರು ಎರಡು ಬಟ್ಟಲು ಸೂಪು ಹೆಚ್ಚು ಕುಡಿಯುತ್ತಾರೆ. ಹೋದ ವರ್ಷ ದ್ವೀಪದ ಸಮಿತಿಗೆ ಹೊಳೆದ ಉಪಾಯವೊಂದು ಧಕ್ಕೆಯ ಮೇಲೆ ಫಲಕವಾಗಿ ನಿಂತಿದೆ: 'ಗೋಡೆಗೆ ನಿಮ್ಮದೂ ಒಂದು ಕಲ್ಲು.' ಬಂದವರು ಮೂರು ಗಂಟೆ ಕಾಲ ಶ್ರದ್ಧೆಯಿಂದ ಕಲ್ಲು ಪೇರಿಸುತ್ತಾರೆ. ಮೈಮಾ ಕೈಗವಸು ಹಂಚುತ್ತಾ, ಒಬ್ಬೊಬ್ಬರ ಬಳಿಯೂ ನಿಂತು "ಚೆನ್ನಾಗಿದೆ" ಎನ್ನುತ್ತಾರೆ. ನಾಲ್ಕು ಗಂಟೆಗೆ ದೋಣಿ ಹೊರಡುತ್ತದೆ. ನಾಲ್ಕೂವರೆಗೆ ಮೈಮಾ ಅದಷ್ಟನ್ನೂ ಕಿತ್ತು ಕೆಳಗಿಡುತ್ತಾರೆ.

ಒಂದು ದಿನ ನಾಲ್ಕು ಹೆಜ್ಜೆ ಕಟ್ಟಿದ್ದರು, ನಾಲ್ಕೂ ಇಳಿದವು. ಟ್ರ್ಯಾಕ್ಟರ್ ಮೇಲಿಂದ ಮ್ಯಾನ್ಸಿ ಲೆಕ್ಕ ಒಪ್ಪಿಸುತ್ತಾನೆ. "ದೋಣಿ ಬರೋ ಎಂಟು ದಿನ ನಿಂಗೆ ಕೆಲ್ಸಾನೇ ಆಗಲ್ಲ ಹುಡುಗೀ. ಬೆಳಿಗ್ಗೆ ಹೊಗಳೋದು, ಸಂಜೆ ಕೀಳೋದು. ಉಳಿಯೋದು ಇಪ್ಪತ್ತೊಂದು ದಿನ. ಇಪ್ಪತ್ತೊಂದು ಹೆಜ್ಜೆ. ಒಂಬತ್ತು ಸಾಲಲ್ಲ."

"ಎಣಿಸೋಕೆ ಬರತ್ತೆ ನಂಗೆ."

"ತಂತಿ ಮಳೇಲಿ ನೆನೀತಿದೆ, ಪಾಪ."

"ನೀನೂ ನೆನಿ, ಹೋಗು."

ಇಷ್ಟಾದರೂ ಬಂದವರಿಗೆ ತಪ್ಪು ಹೇಳಲು ಮೈಮಾಗೆ ಬಾಯಿ ಬಾರದು. ಬಂದವರ ಕೈಕೆಲಸಕ್ಕೆ ಹೆಸರಿಡಬಾರದೆಂಬುದು ಸ್ಕೆರ್ವೇಯ ಹಳೆಯ ಮರ್ಯಾದೆ. ದೋಣಿ ಒಡೆದು ತೀರಕ್ಕೆ ಬಿದ್ದ ನಾವಿಕರನ್ನು ಮನೆಯಲ್ಲಿಟ್ಟುಕೊಂಡು, ಅವರು ಹೆಣೆದುಕೊಟ್ಟ ಸೊಟ್ಟ ಬುಟ್ಟಿಗಳನ್ನು ಮೆಚ್ಚಿ ಗೋಡೆಗೆ ತೂಗುಹಾಕಿದ ಊರು ಇದು. ಬುಟ್ಟಿ ಸೊಟ್ಟಗಿದ್ದರೆ ಯಾರೂ ಸಾಯುವುದಿಲ್ಲ.

ಶನಿವಾರದ ದೋಣಿಗೆ ಬಂದವರಲ್ಲಿ ಬ್ರೆಮೆನ್ ಊರಿನ ಹೈಕೆ ಎಂಬ ಎತ್ತರದ ಹೆಂಗಸೂ ಇದ್ದಾರೆ. ವಯಸ್ಸು ಅರವತ್ತಾರು. ನಲವತ್ತು ವರ್ಷ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸಿ ನಿವೃತ್ತರಾದವರು. ಕೈಚೀಲದಲ್ಲಿ ಇವತ್ತಿಗೂ ಓರೆಕೋರೆ ಅಳೆಯುವ ಗೇಣುದ್ದದ ರಸಮಟ್ಟ ಇಟ್ಟುಕೊಂಡೇ ತಿರುಗುತ್ತಾರೆ. ಉಳಿದವರು ಹರಟುತ್ತ ಕಲ್ಲಿಡುವಾಗ ಆಕೆ ಒಬ್ಬರೇ ಮೌನವಾಗಿ ಎರಡು ಹೆಜ್ಜೆ ಏರಿಸಿದ್ದಾರೆ. ಕಲ್ಲಿಗೆ ಕಲ್ಲು ಕೂತ ರೀತಿಗೆ ದ್ವೀಪದ ಹಳಬರೇ ತಲೆದೂಗಬೇಕು. ಎಲ್ಲಿ ಸಂದಿ ಕಂಡರೂ ಅದಕ್ಕೊಂದು ಚೂರು ಹುಡುಕಿ ತುರುಕಿ, ಮೇಲೆ ರಸಮಟ್ಟವಿಟ್ಟು ಗುಳ್ಳೆ ನಡುವಿಗೆ ಬಂದ ಮೇಲೆಯೇ ಮುಂದಿನ ಕಲ್ಲು. ಮೈಮಾ ಅಭ್ಯಾಸಬಲದಿಂದ "ತುಂಬಾ ಚೆನ್ನಾಗಿದೆ" ಎಂದು ಒಂದು ಪದ ಹೆಚ್ಚೇ ಹೇಳಿದ್ದಾರೆ.

ನಾಲ್ಕಕ್ಕೆ ದೋಣಿ ಹೊರಟಿದೆ. ಮೈಮಾ ಹೈಕೆಯ ಗೋಡೆಯಿಂದ ಏಳನೆಯ ಕಲ್ಲು ತೆಗೆಯುತ್ತಿರುವಾಗ ಹಿಂದಿನಿಂದ ಶಾಲೆಯಲ್ಲಿ ಕಲಿತಂಥ ಇಂಗ್ಲಿಷ್ ಕೇಳಿಸುತ್ತದೆ.

"ನೀವು ನನ್ನ ಗೋಡೆಯನ್ನು ಕೀಳುತ್ತಿದ್ದೀರಿ."

ರಸಮಟ್ಟವನ್ನು ಗೋಡೆಯ ಮೇಲೇ ಮರೆತಿದ್ದ ಹೈಕೆ, ಅದಿಲ್ಲದೆ ಊರು ಬಿಡಲಾರೆನೆಂದು ದೋಣಿಯನ್ನೇ ಬಿಟ್ಟು ಬಂದಿದ್ದಾರೆ. ಮೈಮಾರ ಕೈಯಲ್ಲಿ ಕಲ್ಲು. ಕೆಳಗಿಡುವಂತಿಲ್ಲ, ಮೇಲಿಡುವಂತೆಯೂ ಇಲ್ಲ.

"ಚಹಾ ಕುಡೀತೀರಾ?" ಎನ್ನುತ್ತಾರೆ. ಯಾವ ಸಂಕಟಕ್ಕೂ ದ್ವೀಪದ ಮೊದಲ ಮದ್ದು ಅದೇ.

"ನನಗೆ ಚಹಾ ಬೇಡ. ಉತ್ತರ ಬೇಕು. ಎರಡು ಗಂಟೆಗಳ ಹಿಂದೆ ನೀವು ತುಂಬಾ ಚೆನ್ನಾಗಿದೆ ಎಂದು ಹೇಳಿದಿರಿ."

"ಚೆನ್ನಾಗೇ ಇತ್ತು. ನಿಲ್ತಿರ್ಲಿಲ್ಲ, ಅಷ್ಟೆ."

"ನಾನು ನಲವತ್ತು ವರ್ಷ ಈ ಕೈಗಳಿಂದ ಕೆಲಸ ಮಾಡಿದ್ದೇನೆ. ನನ್ನ ಕೆಲಸದ ಸಂದಿಯಲ್ಲಿ ಒಂದು ಕೂದಲು ಕೂಡ ಹೋಗುವುದಿಲ್ಲ."

"ಅದೇ ಕಣಮ್ಮ ತೊಂದ್ರೆ."

ಮೈಮಾ ಕಲ್ಲನ್ನು ಕೊನೆಗೂ ಕೆಳಗಿಟ್ಟು ಹೈಕೆಯ ಕೈ ಹಿಡಿದು ತಮ್ಮ ಕಟ್ಟಡದತ್ತ ಒಯ್ಯುತ್ತಾರೆ. ಅಂಗೈಯನ್ನು ಗೋಡೆಗೆ ನಾಲ್ಕು ಬೆರಳು ದೂರದಲ್ಲಿ ಹಿಡಿಸುತ್ತಾರೆ. ಸಂದಿಸಂದಿಯಿಂದ ಕಡಲಗಾಳಿ ಸಣ್ಣಗೆ ಬಂದು ಅಂಗೈಗೆ ತಗಲುತ್ತದೆ. ಬಗ್ಗಿ ನೋಡಿದರೆ ಗೋಡೆಯ ತುಂಬ ಬೆಳಕಿನ ಚುಕ್ಕಿಗಳು. ಆಮೇಲೆ ಅದೇ ಕೈಯನ್ನು ಹೈಕೆಯ ಗೋಡೆಗೆ ಹಿಡಿಸುತ್ತಾರೆ. ಏನೂ ಇಲ್ಲ. ಬಚ್ಚಲುಮನೆಯಷ್ಟು ಶಾಂತ.

"ಇಲ್ಲಿ ಗಾಳಿ ಎಲ್ಲಿಗೆ ಹೋಗ್ಬೇಕು ಹೇಳಿ. ದಾರಿ ಬಿಟ್ರೆ ಗೊಣಗ್ಕೊಂಡು ಹೋಗತ್ತೆ. ಬಿಡ್ಲಿಲ್ಲ ಅಂದ್ರೆ ಗೋಡೇನೂ ಕರ್ಕೊಂಡು ಹೋಗತ್ತೆ. ಸಮುದ್ರದ ನೀರೂ ಹಂಗೇ."

ಹೈಕೆ ಬಹಳ ಹೊತ್ತು ಕೈ ತೆಗೆಯುವುದಿಲ್ಲ. ಮೈಮಾ ಪಕ್ಕದಲ್ಲಿ ಕೂತು, ಯಾರಿಗೂ ಅಷ್ಟಾಗಿ ಹೇಳಿರದ ಕಥೆ ಹೇಳುತ್ತಾರೆ. ಮದುವೆಯಾಗಿ ಬಂದ ಮೊದಲ ಶರತ್ಕಾಲದಲ್ಲಿ ಅತ್ತೆ ಅವರಿಗೆ ಹತ್ತು ಹೆಜ್ಜೆ ಗೋಡೆ ಒಪ್ಪಿಸಿದಳು. ತವರಿನಲ್ಲಿ ಮೈಮಾ ಕಟ್ಟಿ ಕಲಿತದ್ದು ಹೊಲದ ಗೋಡೆ, ಬಿಗಿ ಗೋಡೆ. ಹಾಗೆಯೇ ಕಟ್ಟಿದರು. ಅತ್ತೆ ದಿನಾ ಬಂದು ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿ ಹೋದಳು. ಹತ್ತನೆಯ ಹೆಜ್ಜೆ ಮುಗಿದ ಮೂರನೆಯ ದಿನ ಬಿರುಗಾಳಿ ಎದ್ದಿತು. ಹತ್ತೂ ಹೆಜ್ಜೆ ಒಟ್ಟಿಗೇ ಮಲಗಿತು.

"ಅತ್ತೆಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ ಅಂದೆ. ಹೊಸದಾಗಿ ಬಂದವಳ ಕೆಲಸಕ್ಕೆ ಹೆಸರಿಡಬಾರ್ದು ಅಂತ ಸುಮ್ನಿದ್ದೆ, ಅಂದ್ಲು."

"ನಿಮಗೆ ಕೋಪ ಬಂದಿತೇ?"

"ಎರಡು ವರ್ಷ ಮಾತಾಡಿಸ್ಲಿಲ್ಲ."

"ಈಗ ನೀವು ನನಗೆ ಮಾಡುತ್ತಿರುವುದೂ ಅದನ್ನೇ," ಎನ್ನುತ್ತಾರೆ ಹೈಕೆ. "ವ್ಯತ್ಯಾಸ ಒಂದೇ. ನಾನು ದೋಣಿ ಹತ್ತಿ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಸಾಯುವವರೆಗೆ ನನ್ನ ಗೋಡೆ ಇಲ್ಲಿ ನಿಂತಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ."

ಮೈಮಾ ಎದ್ದು ಎಂಟನೆಯ ಕಲ್ಲಿಗೆ ಕೈ ಹಾಕುತ್ತಾರೆ. ಒಂಬತ್ತನೆಯದನ್ನು ಹೈಕೆ ತೆಗೆಯುತ್ತಾರೆ. ತಳದ ಸಾಲಿಗೆ ಬಂದಾಗ ಮೈಮಾ ಅವರ ತೋಳು ಹಿಡಿದು ತಡೆಯುತ್ತಾರೆ. "ಇದು ಇರ್ಲಿ. ತಳ ಬಿಗಿಯಾಗೇ ಇರ್ಬೇಕು. ಇದನ್ನ ನನಗಿಂತ ಚೆನ್ನಾಗಿ ಕೂರ್ಸಿದೀರಿ." ಈ ಹೊಗಳಿಕೆಯನ್ನು ಹೈಕೆ ರಸಮಟ್ಟವಿಟ್ಟು ನೋಡುವವರಂತೆ ಒಂದು ಗಳಿಗೆ ತೂಗಿ ನೋಡಿ, ನಿಜವೆಂದು ಕಂಡ ಮೇಲೆಯೇ ತಲೆಯಾಡಿಸುತ್ತಾರೆ. ಧಣಿಯ ಬಂಗಲೆಯಲ್ಲಿ ಒಂದು ಮಂಚ ಖಾಲಿ ಇದೆ. ಹೈಕೆ ಬುಧವಾರದ ದೋಣಿಗೂ ಹೋಗುವುದಿಲ್ಲ, ಶನಿವಾರದ್ದಕ್ಕೂ ಇಲ್ಲ.

ಆ ಬುಧವಾರ ಎಡಿನ್‌ಬರೋದ ಒಬ್ಬ ವಕೀಲರು ಸೊಗಸಾದ ಮೂರು ಸಾಲು ಪೇರಿಸಿ ಹೊಗಳಿಕೆಗೆ ಕಾದು ನಿಂತಿದ್ದಾರೆ. ಮೈಮಾರ ಕತ್ತು ಕೆಂಪಾಗಿದೆ. ದೂರದಿಂದ ಹೈಕೆ ನೋಡುತ್ತಿದ್ದಾರೆ.

"ಇದು... ತಪ್ಪು," ಎನ್ನುತ್ತಾರೆ ಮೈಮಾ. "ಕೀಳಿ."

ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಆಕಾಶ ಬೀಳಲಿಲ್ಲ. ವಕೀಲರ ಮುಖವೇ ಅರಳಿದೆ. "ಹೌದೇ? ಹೇಗಿಡಬೇಕು, ತೋರಿಸಿ!" ಮೂರು ಸಲ ಕಿತ್ತು, ನಾಲ್ಕನೆಯ ಸಲ ಸರಿಯಾಗಿ ಕಟ್ಟಿ, ಗೋಡೆಗೆ ಕಣ್ಣು ಹಚ್ಚಿ, ತಾನು ಬಿಟ್ಟ ಸಂದಿಯಿಂದ ಕಡಲು ಕಾಣುತ್ತದೆಂದು ಹೆಂಡತಿಯನ್ನು ಕೂಗಿ ಕರೆಯುತ್ತಾರೆ. ಆ ದಿನ ಎದ್ದದ್ದು ಎರಡೇ ಹೆಜ್ಜೆ, ಆದರೆ ಸಂಜೆ ಎರಡೂ ನಿಂತಲ್ಲೇ ಇವೆ.

ಮ್ಯಾನ್ಸಿಗೆ ಇದು ಸಹಿಸಲಾಗದು. "ಹುಡುಗೀ, ಬಂದೋರ ಹತ್ರ ಹಿಂಗಾ ಮಾತಾಡೋದು? ನಿಮ್ಮತ್ತೆ ಇದ್ದಿದ್ರೆ ಏನಂತಿದ್ಲು!"

"ಇದ್ದಿದ್ರೆ ಮೊದ್ಲು ಅವಳಿಗೇ ಹೇಳ್ತಿದ್ದೆ."

"ಕಾಲ ಕೆಟ್ಟೋಯ್ತು."

"ನಿನ್ನ ಟ್ರ್ಯಾಕ್ಟರ್ ನನ್ನ ಕಲ್ಲಿನ ಮೇಲೆ ನಿಂತಿದೆ. ಅದೂ ತಪ್ಪೇ. ತೆಗಿ."

ಆಗಸ್ಟ್ ಒಂಬತ್ತರ ಮಧ್ಯಾಹ್ನ ಅರವತ್ತೆರಡನೆಯ ಹೆಜ್ಜೆಯ ನೆತ್ತಿಯ ಕಲ್ಲು ಕೂರುತ್ತದೆ. ಮರುದಿನ ಬೆಳಿಗ್ಗೆ ಕುರಿ ಪಂಚಾಯಿತಿಯ ಹನ್ನೆರಡು ಮಂದಿ ಟೋಪಿ ಧರಿಸಿ ಕ್ಲೆಟ್ ಮೂಲೆಗೆ ಬರುತ್ತಾರೆ. ಹೊಸ ಗೋಡೆಯನ್ನು ಒಪ್ಪಿಕೊಳ್ಳುವ ಕ್ರಮ ಇಲ್ಲಿ ಹಳೆಯದು. ಅಧ್ಯಕ್ಷ ಒಂದು ಎಳೆ ಉಣ್ಣೆಯನ್ನು ಬೆರಳಲ್ಲಿ ಹಿಡಿದು ಗೋಡೆಯ ಒಳಬದಿಯಲ್ಲಿ ಹೆಜ್ಜೆಹೆಜ್ಜೆಗೂ ನಿಲ್ಲುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಉಣ್ಣೆ ಅಲುಗಬೇಕು. ಒಂದು ಕಡೆ ಅಲುಗದಿದ್ದರೂ ಗೋಡೆ ಕುರುಡು ಎಂದು ಲೆಕ್ಕ. ಧಕ್ಕೆಯ ಮೇಲಿನ ತಂತಿಗೆ ಕಾಲು ಬಂದ ಹಾಗೆಯೇ.

ಮ್ಯಾನ್ಸಿ ಟ್ರ್ಯಾಕ್ಟರ್ ಇಳಿದಿದ್ದಾನೆ. ಒಂದು, ಎರಡು, ಹತ್ತು, ಉಣ್ಣೆ ಕುಣಿಯುತ್ತದೆ. ಮೂವತ್ತು. ವಕೀಲರ ಹೆಜ್ಜೆಯಲ್ಲೂ ಕುಣಿಯುತ್ತದೆ. ನಲವತ್ತೊಂದರಲ್ಲಿ ಉಣ್ಣೆ ನೇತುಬಿದ್ದು ಸುಮ್ಮನಾಗುತ್ತದೆ.

ನಲವತ್ತೊಂದನೆಯದು ಹೈಕೆ ಎರಡನೆಯ ಸಲ ಕಟ್ಟಿದ್ದು. ಮೈಮಾ ಹತ್ತಿರ ಹೋಗಿ ಗೋಡೆಗೆ ಅಂಗೈ ಹಿಡಿಯುತ್ತಾರೆ. ಏನೂ ಇಲ್ಲ. ಬಗ್ಗಿ ನೋಡುತ್ತಾರೆ. ಚುಕ್ಕಿಗಳು ಇವೆ, ಚುಕ್ಕಿಗಳಾಚೆ ಕಡಲೂ ಇದೆ. ನೆಟ್ಟಗಾಗಿ, ನಡೆದು ಹೋಗಿ, ಈಗಾಗಲೇ ಪಾಸಾದ ಹತ್ತನೆಯ ಹೆಜ್ಜೆಗೆ ಅಂಗೈ ಹಿಡಿಯುತ್ತಾರೆ. ಅಲ್ಲೂ ಏನೂ ಇಲ್ಲ.

"ಗೋಡೆ ಕುರುಡಲ್ಲ, ಮ್ಯಾನ್ಸಿ. ಗಾಳಿ ಬಿದ್ದಿದೆ."

"ಇಲ್ಲಿ ಗಾಳಿ ಬೀಳೋದಾ? ನಾನು ಹುಟ್ಟಿದಾಗಿಂದ ಬಿದ್ದಿಲ್ಲ."

"ಇವತ್ತು ಬಿದ್ದಿದೆ. ಕಾಯಿ."

ಸ್ಕೆರ್ವೇಯ ಜನ ಗಾಳಿಯನ್ನು ಬೈದಿದ್ದಾರೆ, ಹೆದರಿದ್ದಾರೆ, ಸೂರಿಗೆ ಹಗ್ಗ ಬಿಗಿದಿದ್ದಾರೆ. ಬರಲೆಂದು ಕಾದದ್ದು ಅಂದೇ ಮೊದಲು. ಹನ್ನೆರಡು ಮಂದಿ ಟೋಪಿಯವರು, ಒಳಗೆ ಕೂಡಿಹಾಕಿದ ನಾನೂರು ತಾಯಿಕುರಿಗಳು, ಉಣ್ಣೆಯ ಎಳೆ ಹಿಡಿದು ಕೈ ಚಾಚಿ ನಿಂತ ಮ್ಯಾನ್ಸಿ. ಐದು ನಿಮಿಷ. ಎಂಟು. "ನನ್ನ ಕೈ ಸೋತುಹೋಯ್ತು," ಎನ್ನುತ್ತಾನೆ ಮ್ಯಾನ್ಸಿ. "ನಾನು ದಿನಕ್ಕೆ ಒಂದೂವರೆ ಟನ್ ಎತ್ತಿದ್ದೀನಿ, ನೀನು ಉಣ್ಣೆ ಹಿಡ್ಕೊ," ಎನ್ನುತ್ತಾರೆ ಮೈಮಾ. ಹನ್ನೊಂದನೆಯ ನಿಮಿಷಕ್ಕೆ ಕಡಲಿನ ಮೇಲೆ ಕಪ್ಪು ಗೆರೆಯೊಂದು ಮೂಡಿ ದಂಡೆಯತ್ತ ಓಡಿಬರುತ್ತದೆ. ಗೋಡೆ ಒಮ್ಮೆ ಸಣ್ಣಗೆ ಗೊಣಗುತ್ತದೆ. ಉಣ್ಣೆ ಎದ್ದು ಮ್ಯಾನ್ಸಿಯ ಮೂಗಿಗೇ ಹೊಡೆಯುತ್ತದೆ.

ಉಳಿದ ಇಪ್ಪತ್ತೊಂದು ಹೆಜ್ಜೆಯನ್ನು ಮ್ಯಾನ್ಸಿ ಬಹುತೇಕ ಓಡುತ್ತಲೇ ಮುಗಿಸುತ್ತಾನೆ. ಬಾಗಿಲು ತೆರೆದಾಗ ಮೂರು ತಿಂಗಳು ಹುಲ್ಲು ಮೇದು ಬೇಸತ್ತ ಕುರಿಗಳು, ತವರಿನ ಅಡುಗೆಯ ವಾಸನೆ ಬಂದವರಂತೆ, ಪಾಚಿಯತ್ತ ನುಗ್ಗುತ್ತವೆ. ತಂತಿಯ ಸುರುಳಿಗಳು ಮ್ಯಾನ್ಸಿಯ ಕೋಳಿಗೂಡು ಸೇರಿವೆ. ಇಷ್ಟು ಭದ್ರವಾದ ಕೋಳಿಗೂಡು ಆರ್ಕ್ನಿಯಲ್ಲೇ ಇಲ್ಲವೆಂದು ಅವನು ಹೇಳಿಕೊಳ್ಳುತ್ತಾನೆ. ಮುಂದಿನ ಮಾರ್ಚ್‌ನಿಂದ ಕ್ಲೆಟ್ ಮೂಲೆಯನ್ನು 'ಹೊಸ ಸೊಸೆಯ ಪಾಲು' ಎಂದು ಪಂಚಾಯಿತಿಯ ಪುಸ್ತಕದಲ್ಲಿ ಬರೆಯುವುದೆಂದು ತೀರ್ಮಾನವಾಗಿದೆ. ಧಕ್ಕೆಯ ಫಲಕದಲ್ಲಿ ಈಗ ಎರಡನೆಯ ಸಾಲೊಂದಿದೆ, ಮೈಮಾರದೇ ಬರಹ: 'ತಪ್ಪಾದರೆ ಹೇಳುತ್ತೇವೆ.'

ಏನಾದರೂ ಆಸೆ ಉಳಿದಿದೆಯೇ ಎಂದರೆ ಮೈಮಾ ಹೊಸ ಕೈಗವಸು ಎನ್ನುತ್ತಾರೆ. ಇನ್ನೂ ಒತ್ತಿ ಕೇಳಿದರೆ, ಸ್ವಲ್ಪ ಯೋಚಿಸಿ, "ಈ ಚಳಿಗಾಲ ದಾಟಿದ್ರೆ ಸಾಕು," ಎನ್ನುತ್ತಾರೆ. ತಮ್ಮ ಬಗ್ಗೆಯೋ ಗೋಡೆಯ ಬಗ್ಗೆಯೋ ಎಂದು ಬಿಡಿಸಿ ಹೇಳುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ವರ್ಷದ ಮೊದಲ ದೊಡ್ಡ ಬಿರುಗಾಳಿ ಎರಡು ದಿನ ಬೀಸಿ ನಿಂತಿದೆ. ಬೆಳಿಗ್ಗೆ ಏಳಕ್ಕೆ ಮೈಮಾ ಕ್ಲೆಟ್ ಮೂಲೆಯಿಂದ ನೆನೆದು ಬಂದು ಬೂಟು ಕಳಚುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಬ್ರೆಮೆನ್‌ನಿಂದ. ನಾಲ್ಕು ವಾರ ಇಲ್ಲಿದ್ದು ಹೋದವರ ಮಾತು ಈಗ ಅಷ್ಟೊಂದು ಶಾಲೆಯದಲ್ಲ.

"ನಿಂತಿದೆಯಾ?"

"ನಿಂತಿದೆ. ಮೇಲಿನ ಸಾಲಲ್ಲಿ ಎರಡು ಕಲ್ಲು ಬಿದ್ದಿವೆ."

"ಯಾರದು?"

ಮೈಮಾ ಕಳಚಿದ್ದ ಬೂಟನ್ನು ಮತ್ತೆ ಕಾಲಿಗೆ ಏರಿಸುತ್ತಾರೆ.

"ನಂದು," ಎನ್ನುತ್ತಾರೆ. "ಚಹಾ ಕುಡಿದು ಹೋಗಿ ಇಟ್ಟು ಬರ್ತೀನಿ."